ಹಾಲಿಗೆ ಸೊನ್ನೆ

"ಗುರಿಗೆ ಹೋಯ್ತು ಅಂದ್ರೆ ಏನ್ರೀ ಅರ್ಥ? ಗುರಿ ಅಂದ್ರೆ ಯಾರು, ನಿಮ್ಮ ಚಿಕ್ಕಪ್ಪನ ಮಗನಾ? ನನ್ನ ಎಂಟು ಸಾವಿರ ಅವನ ಹತ್ರ ಯಾಕೆ ಹೋಯ್ತು?"

"ಕೂಗಾಡಬೇಡ. ಗುರಿ ಅಂದ್ರೆ ಉಳಿತಾಯದ ಗುರಿ. ದುಡ್ಡು ಎಲ್ಲೂ ಓಡಿಹೋಗಿಲ್ಲ, ಭದ್ರವಾಗಿದೆ."

"ಭದ್ರವಾಗಿದ್ರೆ ಕೈಗೆ ಕೊಡಿ."

"ಕೈಗೆ ಬರಲ್ಲ. ಅದಕ್ಕೇ ಅದು ಭದ್ರ."

ಹೊಲಿಗೆಯವಳು ಕೈಲಿದ್ದ ಖಾಲಿ ಚೀಲವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಸಾಡಿದಳು. ದಾರ, ಗುಂಡಿ, ಝಿಪ್ಪು, ಎಲಾಸ್ಟಿಕ್ಕು, ಜೇಬಿನ ಲೈನಿಂಗ್ ಬಟ್ಟೆ ತುಂಬಿಕೊಂಡು ಬರಬೇಕಿದ್ದ ಚೀಲ ಅದು. ಅದನ್ನು ಖಾಲಿಯೇ ಹಿಡಿದು ಐವತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದಳು. ಉಸಿರಿಗಿಂತ ಮೊದಲು ಸಿಟ್ಟು ಹೊರಗೆ ಬಂದಿತ್ತು.

ಗಂಡ ಮಂಚದ ಮೇಲೆ ದಿಂಬಿಗೆ ಒರಗಿ ಫೋನನ್ನು ಎದೆಯ ಮೇಲಿಟ್ಟುಕೊಂಡಿದ್ದ. ಅಂದು ಬುಧವಾರ, ಅವನ ವಾರದ ರಜೆ. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಈ ಮನುಷ್ಯ, ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಸಂಸಾರ ಹೂಡಿ ಹತ್ತೊಂಬತ್ತು ವರ್ಷವಾಗಿತ್ತು. ಮೆಟ್ಟಿಲು ಹತ್ತಲಾರದ ಗಿರಾಕಿಗಳಿಗಾಗಿ ಅವಳೇ ಒಂದು ದಾರಿ ಮಾಡಿಕೊಂಡಿದ್ದಳು. ಕೆಳಗಿನಿಂದ ಯಾರಾದರೂ ಕೂಗಿದರೆ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು. ಹರಿದ ಪ್ಯಾಂಟು, ಉದ್ದವಾದ ಲಂಗ, ಸಡಿಲವಾದ ಅಂಗಿ ಮೇಲೆ ಬರುತ್ತಿದ್ದವು. ಎರಡು ದಿನ ಬಿಟ್ಟು ಸರಿಯಾಗಿ ಇಳಿದುಹೋಗುತ್ತಿದ್ದವು. ಕೂಲಿಯ ನೋಟು, ಚಿಲ್ಲರೆ ಅದೇ ಬುಟ್ಟಿಯಲ್ಲಿ ಮೇಲೆ ಬರುತ್ತಿತ್ತು. ಬೀದಿಯ ಬಾಯಲ್ಲಿ ಅವಳು ಬುಟ್ಟಿ ಟೈಲರ್ ಆಗಿಹೋಗಿದ್ದಳು.

ಆರು ವರ್ಷ ಬೆನ್ನುಬಿದ್ದ ಮೇಲೆ ಪಕ್ಕದ ಬೀದಿಯ ಶಾಲೆಯವರು ಈ ಸಲ ಅವಳಿಗೆ ಅರವತ್ತು ಜೊತೆ ಸಮವಸ್ತ್ರ ಹೊಲಿಯಲು ಕೊಟ್ಟಿದ್ದರು. ಬಟ್ಟೆ ಅವರದು, ಉಳಿದ ಸಾಮಾನು ಇವಳದು. ಮುಖ್ಯೋಪಾಧ್ಯಾಯಿನಿ ಮಾತು ಉದ್ದ ಮಾಡುವವರಲ್ಲ. "ಸೋಮವಾರ ಬೆಳಿಗ್ಗೆ ಎಂಟಕ್ಕೆ ಅರವತ್ತೂ ಇಲ್ಲಿರಬೇಕು. ಇದ್ರೆ ಮುಂದಿನ ವರ್ಷ ಇಡೀ ಶಾಲೆಯದು ನಿಮಗೆ, ನಾನೂರು ಜೊತೆ. ಇಲ್ಲದಿದ್ರೆ ಕಾರ್ಖಾನೆಯವರು ಬಾಗಿಲಲ್ಲೇ ನಿಂತಿದ್ದಾರೆ." ಸಾಮಾನಿಗೆಂದು ಎಂಟು ಸಾವಿರ ಮುಂಗಡ ಕೊಡಲು ಒಪ್ಪಿ, ಖಾತೆ ನಂಬರು ಕೇಳಿದರು. ಶಾಲೆಯವರು ಬುಟ್ಟಿಗೆ ದುಡ್ಡು ಹಾಕುವವರಲ್ಲವಲ್ಲ. ಮನೆಯಲ್ಲಿದ್ದದ್ದು ಒಂದೇ ಖಾತೆ, ಗಂಡನದು. ಅವಳ ಫೋನಿನಿಂದ ಪಾವತಿ ಮಾಡಿದರೂ ಹಣ ಹೋಗುತ್ತಿದ್ದದ್ದು ಅದರಿಂದಲೇ. ಆ ನಂಬರನ್ನೇ ಕೊಟ್ಟಳು.

ಈಗ ಒಂದು ಗಂಟೆಯ ಹಿಂದೆ ದಾರದಂಗಡಿಯ ಮುದುಕ ಸಾಮಾನನ್ನೆಲ್ಲ ಎಣಿಸಿ, ಕಟ್ಟಿ, ಕಟ್ಟಿನ ಮೇಲೆ ಚೀಟಿ ಸಿಕ್ಕಿಸಿಟ್ಟಿದ್ದ. ಇವಳು ಫೋನು ಹಿಡಿದಳು. ಹಣ ಸಾಲದು ಎಂದಿತು. ಇನ್ನೊಮ್ಮೆ ಹಿಡಿದಳು. ಮತ್ತೆ ಅದೇ ಮಾತು. ಖಾತೆಯಲ್ಲಿ ಇದ್ದದ್ದು ನಾನೂರು ಚಿಲ್ಲರೆ. ಹಿಂದೆ ಐದು ಜನ ನಿಂತಿದ್ದರು. ಅವರಲ್ಲಿ ಇಬ್ಬರು ಅದೇ ಕಸುಬಿನವರು. ಇನ್ನೊಬ್ಬರ ಫೋನಿನಲ್ಲಿ ಎಷ್ಟು ಕಾಣಿಸುತ್ತದೆ ಎಂದು ನೋಡಲು ಕುತ್ತಿಗೆ ಹೊರಳಿಸುವವರು.

"ತಗೊಂಡು ಹೋಗಮ್ಮ," ಎಂದಿದ್ದ ಮುದುಕ. "ನನ್ನ ಪುಸ್ತಕದಲ್ಲಿ ಈ ಬೀದಿಯ ಟೈಲರ್‌ಗಳೆಲ್ಲ ಇದ್ದಾರೆ, ನೀನೊಬ್ಬಳಿಲ್ಲ. ಬರ್ಕೋತೀನಿ."

"ಬೇಡ. ಹದಿನಾಲ್ಕು ವರ್ಷದಿಂದ ಇಲ್ಲ, ಇವತ್ತೂ ಬೇಡ. ಮನೆಗೆ ಹೋಗಿ ಬರ್ತೀನಿ, ಕಟ್ಟು ಹಾಗೇ ಇರಲಿ," ಎಂದು ಹೇಳಿ ಬಂದವಳಿಗೆ ಮನೆಯಲ್ಲಿ ಗುರಿಯ ಸಮಾಚಾರ ಕಾದಿತ್ತು.

"ಶಾಲೆಯಿಂದ ದುಡ್ಡು ಬರುತ್ತೆ ಅಂತ ನಿಮಗೆ ಹೇಳಿದ್ನಾ ಇಲ್ವಾ?"

"ಹೇಳಿದ್ದೆ. ಆದ್ರೆ ನಿನ್ನೆ ಅದು ಬಂದಾಗ ಆಪು ಅನಿರೀಕ್ಷಿತ ಆದಾಯ ಅಂತು, ಗುರಿಗೆ ಹಾಕು ಅಂತು, ಹಾಕಿದೆ."

"ನಾನು ಮೊದಲೇ ಹೇಳಿದ ಮೇಲೆ ಅದು ಅನಿರೀಕ್ಷಿತ ಹೇಗಾಯ್ತು?"

"ಅದಕ್ಕೆ ನೀನು ಹೇಳಿದ್ದು ಗೊತ್ತಿಲ್ವಲ್ಲ."

"ನಿಮಗೆ ಗೊತ್ತಿತ್ತಲ್ಲ."

ಅವನು ಫೋನನ್ನು ಕೈಗೆತ್ತಿಕೊಂಡ. ಸಿಕ್ಕಿಬಿದ್ದಾಗಲೆಲ್ಲ ಅದನ್ನೇ ನೋಡುತ್ತಿದ್ದ. ಏಳು ತಿಂಗಳಿಂದ ಇದೇ ನಡೆದಿತ್ತು.

ಆ ಆಪನ್ನು ಅವನ ಫೋನಿಗೆ ಹಾಕಿಕೊಟ್ಟವನು ಜೊತೆಯ ಕೆಲಸಗಾರ. ಯಾವಾಗ ಕರೆ ಮಾಡಿದರೂ 'ಎಂಟನೇ ಮಹಡಿಯಲ್ಲಿದ್ದೀನಿ' ಎಂದು ಜಾರಿಕೊಳ್ಳುತ್ತಿದ್ದುದರಿಂದ ಅವನಿಗೆ ಎಂಟನೇ ಮಹಡಿ ಎಂದೇ ಹೆಸರು. ಬ್ಯಾಂಕಿನಿಂದ ಬರುವ ಸಂದೇಶಗಳನ್ನೆಲ್ಲ ಓದಿ, ದುಡ್ಡು ಯಾವ ಅಂಗಡಿಗೆ ಹೋಯಿತು, ಯಾತಕ್ಕೆ ಹೋಯಿತು ಎಂದು ವಿಂಗಡಿಸಿ, ಬಣ್ಣಬಣ್ಣದ ಒಂದು ಚಕ್ರ ಬರೆದು ತೋರಿಸುವುದು ಆಪಿನ ಕೆಲಸ. ಅದರಲ್ಲೇನೂ ಕೆಟ್ಟದ್ದಿಲ್ಲ ಎಂದು ಅವಳಿಗೂ ಮೊದಮೊದಲು ಅನ್ನಿಸಿತ್ತು. ತಿಂಗಳ ಸಂಬಳ ಹದಿನೈದನೇ ತಾರೀಖಿಗೆ ಎಲ್ಲಿ ಮಾಯವಾಯಿತು ಎಂದು ತಲೆ ಕೆರೆದುಕೊಳ್ಳುತ್ತಿದ್ದ ಗಂಡಸು, ಸಿಗರೇಟು ಬಿಟ್ಟ. ತಿಂಗಳಿಗೆ ಎರಡು ಸಲ ಗೆಳೆಯರ ಜೊತೆ ಹೊರಗೆ ತಿನ್ನುತ್ತಿದ್ದದ್ದನ್ನು ಒಂದಕ್ಕೆ ಇಳಿಸಿದ. ಅಷ್ಟಕ್ಕೆ ನಿಂತಿದ್ದರೆ ಆಪಿಗೆ ಅವಳೇ ಕೈಮುಗಿಯುತ್ತಿದ್ದಳು.

ನಿಲ್ಲಲಿಲ್ಲ. ಚಕ್ರ ನೋಡುವುದು ಅವನಿಗೆ ಚಟವಾಯಿತು. ಹಲ್ಲುಜ್ಜುವ ಮೊದಲು ಚಕ್ರ, ಮಲಗುವ ಮೊದಲು ಚಕ್ರ. ತಿಂಗಳುತಿಂಗಳೂ ಉಳಿಸಿದವರಿಗೆ ಆಪಿನಲ್ಲಿ ಒಂದು ಗಿಡ ಬೆಳೆಯುತ್ತಿತ್ತು. ಲಿಫ್ಟಿನ ಹನ್ನೊಂದು ಜನ ಕೆಲಸಗಾರರಲ್ಲಿ ಇವನ ಗಿಡವೇ ಎಲ್ಲರಿಗಿಂತ ಎತ್ತರ. ಏಳು ತಿಂಗಳು, ಏಳು ಎಲೆ. ಎಂಟನೇ ಮಹಡಿಯ ಗಿಡ ಎರಡೇ ಎಲೆಗೆ ಒಣಗಿತ್ತೆಂದು ಊಟದ ಹೊತ್ತಿನಲ್ಲಿ ಮೂರು ಸಲ ಹೇಳಿದ್ದ.

ಮೊನ್ನೆ ಮೊನ್ನೆ ಒಂದು ಬುದ್ಧಿಮಾತನ್ನೂ ತಂದಿದ್ದ. "ನೋಡು, ಬೇಜಾರು ಮಾಡ್ಕೋಬೇಡ. ನಮ್ಮ ಮನೆ ಖರ್ಚಲ್ಲಿ ನೂರಕ್ಕೆ ಮೂವತ್ತೆಂಟು ಪಾಲು ಬಟ್ಟೆಬರೆಗೇ ಹೋಗ್ತಿದೆ. ಶಾಪಿಂಗ್ ಸ್ವಲ್ಪ ಕಡಿಮೆ ಮಾಡಿದ್ರೆ ಹೇಗೆ?" ತನಗೆಂದು ಒಂದು ಹೊಸ ಬಟ್ಟೆ ಹೊಲಿದುಕೊಂಡು ಮೂರು ವರ್ಷವಾಗಿದ್ದ ಹೆಂಗಸು, ಅವನ ಅಂಗಿಯ ಕಾಲರು ತಿರುಗಿಸಿ ಹೊಲಿಯುತ್ತ ಆ ಮಾತು ಕೇಳಿದ್ದಳು. ತಮಾಷೆ ಎಂದುಕೊಂಡು ನಕ್ಕಿದ್ದಳು. ಆ ನಗುವನ್ನು ನೆನೆದರೆ ಈಗ ಮೈ ಉರಿಯುತ್ತಿತ್ತು.

"ಎಲ್ಲಿ, ಆ ನಿಮ್ಮ ಚಕ್ರ ತೋರಿಸಿ," ಎಂದಳು.

ಅವನಿಗೆ ಖುಷಿಯೇ ಆಯಿತು. ಏಳು ತಿಂಗಳಲ್ಲಿ ಅವಳಾಗಿ ಕೇಳಿದ್ದು ಇದೇ ಮೊದಲು. ಎದ್ದು ಕೂತು ಪರದೆಯನ್ನು ಅವಳತ್ತ ತಿರುಗಿಸಿದ. "ಇದು ಬಾಡಿಗೆ. ಇದು ಕರೆಂಟು. ಈ ದೊಡ್ಡದಿದೆಯಲ್ಲ ಗುಲಾಬಿ, ಇದು ಬಟ್ಟೆಬರೆ."

"ಅದು ಬಟ್ಟೆಬರೆ ಅಲ್ಲ, ದಾರ. ಲೈನಿಂಗು. ಝಿಪ್ಪು. ಅದು ನನ್ನ ಕಸುಬಿನ ಸಾಮಾನು."

"ಅಂಗಡಿ ಬಟ್ಟೆ ಸಾಮಾನಿನ ಅಂಗಡಿ ತಾನೆ? ಅದಕ್ಕೆ ಹಾಗೆ ಹಾಕುತ್ತೆ."

"ಇರಲಿ. ಹಾಲು ಎಲ್ಲಿದೆ ತೋರಿಸಿ."

ಅವನು ಬೆರಳಿನಿಂದ ಪರದೆಯನ್ನು ಮೇಲೆ ಕೆಳಗೆ ಸರಿಸಿದ. "ಹಾಲು... ಸೊನ್ನೆ."

"ಬೆಳಿಗ್ಗೆ ಎರಡು ಲೋಟ ಚಹಾ ಕುಡಿದ್ರಲ್ಲ, ಅದಕ್ಕೇನು ಲಿಫ್ಟಿನ ಗ್ರೀಸು ಹಾಕಿದ್ನಾ?"

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅತ್ತೆಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಮಗ ಸೊಸೆಯ ಜಗಳದಲ್ಲಿ ಅವರು ಯಾವ ಪಕ್ಷವೂ ಅಲ್ಲ. ಯಾರ ಮಾತು ಚೆನ್ನಾಗಿದೆಯೋ ಅವರ ಪಕ್ಷ.

"ತರಕಾರಿ?" ಎಂದಳು ಹೊಲಿಗೆಯವಳು.

"ನೂರಕ್ಕೆ ಎರಡು ಪಾಲು."

"ಅದು ಹೋದ ತಿಂಗಳು ಬರುವಾಗ ದಾರೀಲಿ ನೀವೇ ಒಂದು ಸಲ ತಂದಿದ್ದು. ಬಾಡಿದ ಸೊಪ್ಪು. ಗ್ಯಾಸು?"

"ಸೊನ್ನೆ."

"ಮಗಳ ಹಾಸ್ಟೆಲ್ಲು?" ಮಗಳು ನರ್ಸಿಂಗ್ ಓದುತ್ತ ಹಾಸ್ಟೆಲ್ಲಿನಲ್ಲಿದ್ದಳು.

"ಶಿಕ್ಷಣ... ಸೊನ್ನೆ. ಕಾಲೇಜಿಗೆ ವರ್ಷಕ್ಕೊಂದ್ಸಲ ಕಟ್ಟಿದ್ದು ಹಿಂದಿನ ವರ್ಷದ್ರಲ್ಲಿದೆ."

"ನಾನು ಕೇಳಿದ್ದು ತಿಂಗಳುತಿಂಗಳ ಊಟದ ದುಡ್ಡು."

ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಲೇ ಮಗಾ, ನನ್ನ ಕಣ್ಣಿನ ಔಷಧಿ ಎಲ್ಲಿದೆ ನೋಡೋ ಅದರಲ್ಲಿ."

ಅವನು ನೋಡಿದ. ಹೇಳಲು ಹಿಂಜರಿದ. "ಆರೋಗ್ಯಕ್ಕೂ ಸೊನ್ನೆ ಅಮ್ಮ. ಕೆಳಗೆ ಒಂದು ಮಾತು ಬರೆದಿದ್ದಾರೆ. ನಿಮ್ಮ ಕುಟುಂಬ ಆರೋಗ್ಯವಾಗಿದೆ, ಅಭಿನಂದನೆಗಳು ಅಂತ."

"ಸದ್ಯ," ಎಂದರು ಅತ್ತೆ. "ಎಡಗಣ್ಣು ಪೂರ್ತಿ ಹೋದ ಮೇಲೆ ಹಾರ ಕಳಿಸ್ತಾರೇನೋ."

ಹೊಲಿಗೆಯವಳು ಮೆಷಿನ್ನಿನ ಬಲಗಡೆಯ ಡ್ರಾಯರನ್ನು ಎಳೆದು ತಂದು ಹಾಸಿಗೆಯ ಮೇಲೆ ಕವುಚಿದಳು. ಬಟ್ಟೆಯ ಚಿಂದಿಗಳು ಉದುರಿದವು, ಒಂದೊಂದೂ ಗೇಣುದ್ದ. ಬುಟ್ಟಿಯಲ್ಲಿ ಬಂದ ನೋಟುಗಳನ್ನು ಅವಳು ಕತ್ತರಿಸಿ ಮಿಕ್ಕ ಚಿಂದಿಯಲ್ಲಿ ಕಟ್ಟಿಡುತ್ತಿದ್ದಳು. ನೀಲಿ ಚಿಂದಿ ಹಾಲಿಗೆ, ಹಸಿರು ತರಕಾರಿಗೆ, ಕೆಂಪು ಗ್ಯಾಸಿಗೆ, ಬಿಳಿ ಮಗಳಿಗೆ, ಹಳದಿ ಅತ್ತೆಯ ಕಣ್ಣಿಗೆ. ತಿಂಗಳ ಮೊದಲಲ್ಲಿ ಗಂಟುಗಳು, ಇಪ್ಪತ್ತರ ಹೊತ್ತಿಗೆ ಬರೀ ಚಿಂದಿ. ಇದನ್ನು ಗುಟ್ಟಾಗಿ ಏನೂ ಮಾಡಿರಲಿಲ್ಲ. ಆ ಡ್ರಾಯರು ಅವನ ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಹಾಲಿನವನು ತಿಂಗಳಿಗೊಮ್ಮೆ ಕೆಳಗೆ ನಿಂತು ಕೂಗುವುದು, ಬುಟ್ಟಿಯಲ್ಲಿ ನೀಲಿ ಗಂಟು ಇಳಿಯುವುದು ಅವನ ಕಣ್ಣೆದುರೇ ನಡೆಯುತ್ತಿತ್ತು.

"ಇದು ನನ್ನ ಚಕ್ರ," ಎಂದಳು. "ನಿಮ್ಮ ಚಕ್ರದಲ್ಲಿ ಸೊನ್ನೆ ಅಂತ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನಾನಿದ್ದೀನಿ. ನಿಮ್ಮ ಗಿಡಕ್ಕೆ ಏಳು ತಿಂಗಳು ನೀರು ಹಾಕಿದ್ದು ಯಾರು ಅಂತ ಗೊತ್ತಾಯ್ತಾ?"

ಅವನು ಚಿಂದಿಗಳನ್ನು ನೋಡಿದ, ಫೋನನ್ನು ನೋಡಿದ. ಮುಖದಲ್ಲಿ ನಾಚಿಕೆಯ ನೆರಳೊಂದು ಸುಳಿದದ್ದನ್ನು ಅವಳು ಕಂಡಳು. ಅಷ್ಟು ಸಾಕಿತ್ತು ಅವಳಿಗೆ. 'ತಪ್ಪಾಯ್ತು' ಎಂದು ಬಾಯಿ ಬಿಡದಿದ್ದರೂ ನಡೆಯುತ್ತಿತ್ತು.

"ಹಾಗಾದ್ರೆ ನೀನು ಹೇಳಬೇಕಿತ್ತು," ಎಂದ ಅವನು. "ನಗದು ಖರ್ಚು ಹಾಕೋಕೆ ಇದರಲ್ಲೇ ಜಾಗ ಇದೆ. ಪ್ಲಸ್ ಗುರುತು ಒತ್ತಿದ್ರೆ ಆಯ್ತು. ಹೇಳಿದ್ರೆ ತಾನೆ ಗೊತ್ತಾಗೋದು?"

"ಹಾಲಿಗೆ ದುಡ್ಡು ಕೊಡಬೇಕು ಅಂತ ಹೇಳಬೇಕಿತ್ತಾ ನಿಮಗೆ?"

"ಹಾಗಲ್ಲ..."

"ಮತ್ತೆ ಹೇಗೆ?"

"ಎಲ್ಲದಕ್ಕೂ ಹೀಗೆ ಮೇಲೆ ಬಿದ್ದರೆ ಮನುಷ್ಯ ಹೇಗೆ ಮಾತಾಡ್ಬೇಕು?"

ಅವಳು ಹಲ್ಲು ಕಚ್ಚಿ ಒಂದು ಉಸಿರು ಎಳೆದುಕೊಂಡಳು. ಜಗಳ ಗೆಲ್ಲಲು ಈಗ ಹೊತ್ತಿರಲಿಲ್ಲ. ಗಂಟೆ ಹನ್ನೆರಡಾಗಿತ್ತು. ಅರವತ್ತು ಜೊತೆ, ನಾಲ್ಕೂವರೆ ದಿನ. ಕತ್ತರಿಸುವುದೆಲ್ಲ ಮುಗಿದಿತ್ತು, ಹೊಲಿಯಬೇಕಿತ್ತು. ಗುಂಡಿ ತೂರುವ ಕಾಜಾಗಳನ್ನು ಮಾಡಿಕೊಡುವ ಕಾಜಾ ಅಕ್ಕನ ಮನೆಗೆ ಭಾನುವಾರದೊಳಗೆ ಅಂಗಿಗಳೆಲ್ಲ ತಲುಪಬೇಕಿತ್ತು.

"ಆಯ್ತು," ಎಂದಳು. "ಆದದ್ದು ಆಯ್ತು. ಆ ಎಂಟು ಸಾವಿರ ವಾಪಸ್ ತೆಗೀರಿ. ತೆಗೆಯೋಕೆ ಬರುತ್ತಾ ಇಲ್ವಾ, ಅಷ್ಟು ಹೇಳಿ."

"ಬರುತ್ತೆ," ಎಂದ ಅವನು ನಿಧಾನವಾಗಿ.

"ಎಷ್ಟು ಹೊತ್ತು?"

"ಹೊತ್ತೇನೂ ಇಲ್ಲ. ಒತ್ತಿದ್ರೆ ತಕ್ಷಣ."

ಅವಳಿಗೆ ಜೀವ ಬಂದಂತಾಯಿತು. ಚೀಲ ಕೈಗೆ ತೆಗೆದುಕೊಂಡಳು. "ಮತ್ತೆ ಇಷ್ಟು ಹೊತ್ತು ನನ್ನ ಬಾಯಿಂದ ಯಾಕೆ ಬೈಸ್ಕೊಂಡ್ರಿ? ಒತ್ತಿ."

ಅವನು ಎಲ್ಲೆಲ್ಲೋ ಒತ್ತಿದ. ಕೊನೆಗೆ ಪರದೆಯ ಮೇಲೆ ಆ ಗಿಡ ಬಂತು. ಏಳು ಎಲೆಯ ಹಸಿರು ಗಿಡ. ಅವಳು ನೋಡುತ್ತಿದ್ದಂತೆಯೇ ಅದರ ಎಲೆಗಳು ಜೋತುಬಿದ್ದವು. ಕೆಳಗೆ ಬರೆದಿತ್ತು: ಖಂಡಿತವೇ? ಹಣ ಹಿಂತೆಗೆದರೆ ನಿಮ್ಮ ಏಳು ತಿಂಗಳ ಸಾಧನೆ ಅಳಿಸಿಹೋಗುತ್ತದೆ. ಅದರ ಕೆಳಗೆ ಎರಡು ಗುಂಡಿ, ಹೌದು ಮತ್ತು ಬೇಡ.

ಅವನ ಹೆಬ್ಬೆರಳು ಹೌದು ಎಂಬಲ್ಲಿಗೆ ಹೋಯಿತು. ನಿಂತಿತು. ಒಂದು ಕೂದಲಿನಷ್ಟು ಮೇಲೆ, ಮುಟ್ಟದೆ ನಿಂತಿತು. ಆ ಬೆರಳು ಅವಳಿಗೆ ಹತ್ತೊಂಬತ್ತು ವರ್ಷದಿಂದ ಗೊತ್ತು. ಜನ ತುಂಬಿಕೊಂಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟನ್ನು ಯಾವ ಅಂಜಿಕೆಯೂ ಇಲ್ಲದೆ ಒಂದೇ ಒತ್ತಿಗೆ ಇಳಿಸುವ ಬೆರಳು ಅದು. ಈಗ ಒಂದು ಚಿತ್ರದ ಗಿಡವನ್ನು ಮುಟ್ಟಲು ಅಂಜುತ್ತಿತ್ತು.

"ಏನಂತೋ?" ಎಂದರು ಅತ್ತೆ.

"ಗಿಡ ಒಣಗುತ್ತಂತಮ್ಮ."

"ಯಾವ ಗಿಡ? ನಮ್ಮನೇಲಿ ಗಿಡ ಎಲ್ಲಿದೆ?"

ಅವನು ಬೆರಳು ಹಿಂತೆಗೆದ. ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದ. ಅವಳ ಮುಖ ನೋಡಲಿಲ್ಲ. ನೀಲಿ ಚಿಂದಿಯೊಂದನ್ನು ಬೆರಳಿಗೆ ಸುತ್ತುತ್ತ ಹೇಳಿದ. "ಇನ್ನು ಒಂಬತ್ತು ದಿನ ಅಷ್ಟೆ. ಸಂಬಳ ಬಂದ ತಕ್ಷಣ ಮೊದಲು ನಿನ್ನದೇ ಕೊಡ್ತೀನಿ. ಶಾಲೆಯವರಿಗೆ ಹೇಳು, ಒಂದು ವಾರ ಆಚೆ ಈಚೆ ಆದ್ರೆ ಅವರ ಗಂಟೇನು ಹೋಗುತ್ತೆ? ಏಳು ತಿಂಗಳು ಕಷ್ಟಪಟ್ಟಿದ್ದೀನಿ. ನನಗೂ ಅಂತ ಒಂದು ಬೇಡ್ವಾ?"

ಅವಳು ಬಾಯಿ ತೆರೆದಳು. ಹೇಳಲು ಬೇಕಾದಷ್ಟಿತ್ತು. ಆದರೆ ಒಲೆಯ ಮೇಲೆ ಉಕ್ಕುತ್ತಿದ್ದದ್ದು ಬೆಂಕಿ ಆರಿಸಿದ ಕೂಡಲೇ ಕುಗ್ಗುವಂತೆ ಎಲ್ಲ ಕೆಳಗಿಳಿಯಿತು. ಈ ಮನುಷ್ಯನಿಗೆ ಎಲ್ಲವೂ ಅರ್ಥವಾಗಿತ್ತು. ಹಾಲು ಅರ್ಥವಾಗಿತ್ತು, ಔಷಧಿ ಅರ್ಥವಾಗಿತ್ತು, ನಾನೂರು ಜೊತೆಯ ಮಾತೂ ಅರ್ಥವಾಗಿತ್ತು. ಅರ್ಥವಾಗಿಯೇ ಬೆರಳು ತೆಗೆದಿದ್ದ. ಇನ್ನು ಯಾರಿಗೆ ಏನು ಬಿಡಿಸಿ ಹೇಳುವುದು?

ಕಿಟಕಿಗೆ ಹೋಗಿ ಕೆಳಗೆ ನೋಡಿದಳು. ಇಸ್ತ್ರಿಯವನ ಕೈಗಾಡಿ ಎಂದಿನಂತೆ ಕಟ್ಟಡದ ನೆರಳಿನಲ್ಲಿತ್ತು.

"ಅಣ್ಣಾ, ಗಾಡಿ ಒಂದು ಗಂಟೆ ಕೊಡ್ತೀಯಾ? ನಾಲ್ಕು ಗಂಟು ಬಟ್ಟೆ ಇಳಿಸ್ತೀನಿ, ಹಿಡ್ಕೋ."

ಕತ್ತರಿಸಿಟ್ಟ ಅಂಗಿ, ಲಂಗ, ಪ್ಯಾಂಟುಗಳ ಕಟ್ಟುಗಳು ಒಂದೊಂದಾಗಿ ಬುಟ್ಟಿಯಲ್ಲಿ ಇಳಿದವು. ಗಂಡ ಮಂಚದಿಂದಲೇ ನೋಡುತ್ತಿದ್ದ. ಕೆಲಸ ಬೇರೆಯವರಿಗೆ ಒಪ್ಪಿಸುತ್ತಿದ್ದಾಳೆಂದು ಅವನಿಗೆ ಅನ್ನಿಸಿರಬೇಕು, ಸಮಾಧಾನದಿಂದಲೇ ಕೂತಿದ್ದ. ಅವಳು ಮೆಷಿನ್ನಿನ ಬೆಲ್ಟು ಜಾರಿಸಿ, ಎಣ್ಣೆ ಮೆತ್ತಿದ ಸ್ಕ್ರೂಡ್ರೈವರು ತೆಗೆದುಕೊಂಡು ಹಿಂದಿನ ಎರಡು ತಿರುಪು ಸಡಿಲಿಸತೊಡಗಿದಾಗ ಮಾತ್ರ ಎದ್ದು ನಿಂತ.

"ಇದೇನು?"

"ಕಾಜಾ ಅಕ್ಕನ ಮನೇಲಿ ಮೆಷಿನ್ನಿನ ಒಂದು ಸ್ಟ್ಯಾಂಡು ಖಾಲಿ ಇದೆ."

"ಹೊಲಿಯೋಕೆ ಅಲ್ಲಿಗೆ ಯಾಕೆ? ಇಲ್ಲಿ ಯಾರು ಬೇಡ ಅಂದ್ರು?"

ಅವಳು ಮೆಷಿನ್ನಿನ ತಲೆಯನ್ನು ಕಂಬಳಿಯಲ್ಲಿ ಸುತ್ತಿದಳು. ಕತ್ತರಿ, ಅಳತೆ ಪಟ್ಟಿ, ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿದಳು. ಹಾಸಿಗೆಯ ಮೇಲಿನ ಚಿಂದಿಗಳಲ್ಲಿ ಮಗಳ ಬಿಳಿಯದನ್ನು ಮಾತ್ರ ಆರಿಸಿಕೊಂಡಳು.

"ಅಷ್ಟು ಭಾರ ಹೊತ್ಕೊಂಡು ಐವತ್ತೆರಡು ಮೆಟ್ಟಿಲು ಇಳಿಯೋಕಾಗಲ್ಲ ನಿನಗೆ," ಎಂದ ಅವನು. "ಇಡು, ಇಡು ಅಲ್ಲಿ. ನಾನು ತರ್ತೀನಿ."

"ಬೇಡಿ. ನೀವು ಗಿಡ ನೋಡ್ಕೊಳ್ಳಿ."

ಮೆಷಿನ್ನನ್ನು ಎದೆಗೆ ಒತ್ತಿ ಹಿಡಿದು ಬಾಗಿಲು ದಾಟಿದಳು. ಮೊದಲ ತಿರುವಿನಲ್ಲಿ ಉಸಿರಿಗಾಗಿ ನಿಂತಾಗ ಮೇಲಿನಿಂದ ಅವನ ಮಾತು ಕೇಳಿಸಿತು. "ಬರ್ತಾಳೆ ಬಿಡಮ್ಮ, ಚಹಾ ಹೊತ್ತಿಗೆ ಬರ್ತಾಳೆ."

"ಚಹಾಕ್ಕೆ ಹಾಲು ತಂದಿಟ್ಟಿರು ಹಾಗಾದ್ರೆ," ಎಂದರು ಅತ್ತೆ.

ಕೆಳಗೆ ಇಸ್ತ್ರಿಯವನು ಗಾಡಿಯ ಮೇಲಿನ ಪೆಟ್ಟಿಗೆ ಸರಿಸಿ ಜಾಗ ಮಾಡಿಕೊಟ್ಟ. ಮೆಷಿನ್ನನ್ನು ಕಟ್ಟುಗಳ ನಡುವೆ ಒತ್ತಿ ಕೂರಿಸಿದಳು. ತಲೆ ಎತ್ತಿದರೆ ಕಿಟಕಿಯಲ್ಲಿ ಅತ್ತೆ. ಮಂಜುಗಣ್ಣಿನಿಂದ ಬೀದಿಯ ಯಾವುದೋ ಕಡೆಗೆ ನೋಡುತ್ತ ಹಗ್ಗ ಹಿಡಿದು ನಿಂತಿದ್ದರು.

"ಬುಟ್ಟಿ ಬಿಡ್ತೀಯಾ? ಎಳ್ಕೋತೀನಿ."

ನಾಲ್ಕನೇ ಗಂಟು ಇಳಿಸಿದ ಬುಟ್ಟಿ ಇನ್ನೂ ನೆಲದ ಮೇಲಿತ್ತು. ಅವಳು ಸೆರಗಿನ ಗಂಟಿನಲ್ಲಿದ್ದ ಕೊನೆಯ ಎರಡು ನೋಟುಗಳನ್ನು ಬಿಚ್ಚಿ ಬುಟ್ಟಿಯ ತಳಕ್ಕೆ ಹಾಕಿದಳು.

"ಕಣ್ಣಿನ ಔಷಧಿ ನಾಳೆಗೆ ಮುಗಿಯುತ್ತೆ ಅತ್ತೆ. ನೀವೇ ಇಟ್ಕೊಳ್ಳಿ, ಯಾರಿಗೂ ಕೊಡಬೇಡಿ."

"ಹೂಂ," ಎಂದರು ಅತ್ತೆ. ಬುಟ್ಟಿ ಗೋಡೆಗೆ ತಾಗುತ್ತ, ತಿರುಗುತ್ತ ಮೇಲೆ ಹೋಯಿತು. ಅದು ಕಿಟಕಿ ಮುಟ್ಟುವ ಮೊದಲೇ ಅವಳು ಗಾಡಿ ತಳ್ಳಿದ್ದಳು.

ದಾರದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಳಗೆ ಹೋದಳು. ಕಟ್ಟು ಅಲ್ಲೇ ಇತ್ತು, ಚೀಟಿ ಸಿಕ್ಕಿಸಿಕೊಂಡು.

"ನಿನ್ನ ಪುಸ್ತಕ ತೆಗಿ, ಬರ್ಕೋ," ಎಂದಳು. ಹಾಗೆನ್ನುವಾಗ ಕಿವಿಯವರೆಗೆ ಬಿಸಿಯಾಯಿತು. ಮುದುಕ ಪುಸ್ತಕ ಬಿಚ್ಚಿದ. ಹೊಸ ಹಾಳೆ ತಿರುಗಿಸಿದ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಅವಳೂ ಕಾಜಾ ಅಕ್ಕನೂ ಶಾಲೆಯ ಕಚೇರಿಯ ಮೇಜಿನ ಮೇಲೆ ಅರವತ್ತು ಜೊತೆ ಎಣಿಸಿಕೊಟ್ಟರು. ಮುಖ್ಯೋಪಾಧ್ಯಾಯಿನಿ ಒಂದು ಅಂಗಿಯ ಗುಂಡಿಯನ್ನು ಎಳೆದು ನೋಡಿದರು, ಇನ್ನೊಂದರ ಜೇಬು ಹೊರಳಿಸಿ ನೋಡಿದರು. ಉಳಿದ ಹಣ ಅದೇ ಖಾತೆಗೆ ಹಾಕುವುದಲ್ಲವೇ ಎಂದು ಗುಮಾಸ್ತ ಕೇಳಿದ. "ಬೇಡ," ಎಂದಳು, "ಕೈಗೆ ಕೊಡಿ." ಅವನು ನೋಟು ಎಣಿಸಿಕೊಟ್ಟ. ಅಲ್ಲಿಂದ ಬಲಕ್ಕೆ ತಿರುಗಿದರೆ ಮೂರನೇ ಮಹಡಿಯ ಮನೆ, ನೇರ ಹೋದರೆ ದಾರದಂಗಡಿ. ನೇರ ಹೋದಳು. ಪುಸ್ತಕದ ಆ ಹಾಳೆಯ ಮೇಲೆ ಮುದುಕ ಅಡ್ಡಗೆರೆ ಎಳೆಯುವವರೆಗೆ ನಿಂತು ನೋಡಿದಳು. ಆ ಐವತ್ತೆರಡು ಮೆಟ್ಟಿಲುಗಳನ್ನು ಅವಳು ಮತ್ತೆ ಹತ್ತಲಿಲ್ಲ.